ಬಾಣಲೆ ತಳದ ಎಣ್ಣೆ

ನಮ್ಮ ಮನೆಯಲ್ಲಿ ದೀಪಾವಳಿಗೆ ಲಕ್ಷ್ಮಿಯ ನಂತರ ಪೂಜೆ ಸಲ್ಲುತ್ತಿದ್ದದ್ದು ತೂಕದ ಕಾಟಾಕ್ಕೆ. ದುರ್ಗಿಗುಡಿಯಲ್ಲಿ ಅಪ್ಪನದು ದಿನಸಿ ಅಂಗಡಿ. ಅಂಗಡಿಯ ಹಿಂದೆ ಗೋಡೌನು, ಗೋಡೌನಿನ ಹಿಂದೆ ನಮ್ಮ ಮನೆ. ಅಕ್ಕಿ ಮೂಟೆ ತೂಗುವ ಆ ಕಬ್ಬಿಣದ ಕಾಟಾಕ್ಕೆ ವಿಭೂತಿ ಬಳಿದು, ಚೆಂಡು ಹೂವಿನ ಹಾರ ಹಾಕಿ, ಮಂಗಳಾರತಿ ಎತ್ತಿದ ಮೇಲೆ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಅದರ ಮೇಲೆ ಹತ್ತಿ ನಿಲ್ಲಬೇಕು. ಅಪ್ಪ ತೂಗಿ, ಗೋಡೌನಿನ ಬಾಗಿಲ ಒಳಮೈಯಲ್ಲಿ ಸೀಮೆಸುಣ್ಣದಿಂದ ಬರೆಯುತ್ತಿದ್ದರು. ಈ ಪದ್ಧತಿ ತಾತನ ಕಾಲದ್ದು. ವರ್ಷದಿಂದ ವರ್ಷಕ್ಕೆ ಮನೆಯವರ ತೂಕ ಏರಿದರೆ ಅಂಗಡಿ ಚೆನ್ನಾಗಿ ನಡೆದಿದೆ ಎಂದು ತಾತನ ನಂಬಿಕೆ. ಆ ನಂಬಿಕೆಯ ಪ್ರಕಾರ ತೊಂಬತ್ತರ ದಶಕದಲ್ಲಿ ಶಿವಮೊಗ್ಗಕ್ಕೆಲ್ಲ ನಮ್ಮದೇ ದೊಡ್ಡ ಅಂಗಡಿ ಆಗಬೇಕಿತ್ತು. ಆಗಲಿಲ್ಲ. ನಾವು ಮಾತ್ರ ಊದಿಕೊಂಡೆವು.

ಊದಲು ಶುರುವಾದದ್ದು ಅಪ್ಪನ ಕೊಲೆಸ್ಟರಾಲಿನಿಂದ. ಡಾಕ್ಟರು ಒಂದು ಚೀಟಿಯಲ್ಲಿ ಎರಡು ಮಾತ್ರೆಗಳ ಹೆಸರಿನ ಕೆಳಗೆ ‘ತುಪ್ಪ ಬಿಡಿ, ಸನ್‌ಫ್ಲವರ್ ಎಣ್ಣೆ ಬಳಸಿ, ಸ್ವಲ್ಪ’ ಎಂದು ಬರೆದುಕೊಟ್ಟರು. ಆ ‘ಸ್ವಲ್ಪ’ ಎಂಬುದನ್ನು ಅವರು ಅಂಚಿಗೆ ಬರೆದಿದ್ದರು, ಅಪ್ಪ ಚೀಟಿಯನ್ನು ಮಡಚುವಾಗ ಅದು ಮಡಿಕೆಯೊಳಗೆ ಸೇರಿಹೋಯಿತು. ಮಾತ್ರೆ ಬರೆದ ಕಾಗದದಲ್ಲೇ ಬರೆದಿದ್ದಾರೆ ಎಂದ ಮೇಲೆ ಅದೂ ಔಷಧಿಯೇ ತಾನೆ? ಅಪ್ಪ ಮಾತ್ರೆಯನ್ನು ಆಗಾಗ ಮರೆಯುತ್ತಿದ್ದರು, ಸನ್‌ಫ್ಲವರನ್ನು ಮೂರು ಹೊತ್ತೂ ತಪ್ಪಿಸಲಿಲ್ಲ. ಅಲ್ಲಿಯವರೆಗೆ ಬಿಸಿ ಅನ್ನಕ್ಕೆ ತುಪ್ಪ ಬಡಿಸುತ್ತಿದ್ದ ಅದೇ ಮಿಳ್ಳೆಯಲ್ಲಿ ಈಗ ಅಮ್ಮ ಹಸಿ ಸನ್‌ಫ್ಲವರ್ ಎಣ್ಣೆ ಬಡಿಸತೊಡಗಿದಳು. ತುಪ್ಪ ಒಂದು ಮಿಳ್ಳೆ ಸಾಕಾಗುತ್ತಿತ್ತು. ಇದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ, ಆದ್ದರಿಂದ ಎರಡು ಬೇಕಾಗುತ್ತಿತ್ತು.

ಅಂಗಡಿಯಲ್ಲೂ ಹಳೆಯದೆಲ್ಲ ಹೋಯಿತು. ಮೂಲೆಯಲ್ಲಿ ಕಡಲೆಕಾಯಿ ಎಣ್ಣೆಯ ಡ್ರಮ್ಮು, ಅದಕ್ಕೊಂದು ಕೈಪಂಪು, ಗಿರಾಕಿಗಳು ತರುತ್ತಿದ್ದ ಜಿಡ್ಡು ಹಿಡಿದ ಬಾಟಲಿಗಳು, ಇವೆಲ್ಲ ಜಾಗ ಖಾಲಿ ಮಾಡಿದವು. ಹೊಳೆಯುವ ಪ್ಯಾಕೆಟ್ಟುಗಳು ತೋರಣ ಕಟ್ಟಿದಂತೆ ಸಾಲಾಗಿ ನೇತಾಡಿದವು. ಅಪ್ಪ ಒಂದು ಪ್ಯಾಕೆಟ್ಟನ್ನು ಪೇಪರಿನ ಮುಂದೆ ಹಿಡಿದು ಗಿರಾಕಿಗಳಿಗೆ ತೋರಿಸುತ್ತಿದ್ದರು.

“ನೋಡ್ರೀ, ಆ ಕಡೆ ಇರೋ ಸುದ್ದಿ ಈ ಕಡೆಯಿಂದ ಓದ್ಬಹುದು. ಇಷ್ಟು ತೆಳ್ಳಗಿದೆ. ಇದರಲ್ಲಿ ಮೈಗೆ ಹತ್ತೋಕೆ ಏನಿದೆ ಹೇಳಿ?”

ಗಿರಾಕಿಗಳು ನಂಬಿದರು. ಬಿಡಿ, ನಾವೂ ನಂಬಿದೆವು. ಇದು ಲೈಟ್ ಎಣ್ಣೆ, ಲೆಕ್ಕಕ್ಕೆ ಬರುವ ಎಣ್ಣೆಯಲ್ಲ ಎಂದು ಮನೆಯಲ್ಲಿ ಒಮ್ಮತವಾಯಿತು. ಮೊದಲು ಬಜ್ಜಿ ಎಂದರೆ ಹಬ್ಬಕ್ಕೆ, ನೆಂಟರಿಗೆ, ಇಲ್ಲವೇ ಜೋರು ಮಳೆಗೆ. ಈಗ ಡಾಕ್ಟರೇ ಹೇಳಿದ ಎಣ್ಣೆ ಮನೆಯಲ್ಲಿರುವಾಗ ಕಾರಣ ಯಾಕೆ ಬೇಕು? ಸಂಜೆ ಐದಾದರೆ ಅಂಗಡಿಯಿಂದ ಅಣ್ಣ ಕೂಗುತ್ತಿದ್ದ, “ಅಮ್ಮಾ, ಮಂಡಕ್ಕಿ ಕಲಸ್ತಾ ಇದೀನಿ, ಮೆಣಸಿನಕಾಯಿ ಬಜ್ಜಿ ಆಯ್ತಾ?” ಅಮ್ಮ ಬಾಣಲೆ ಇಡುತ್ತಿದ್ದಳು. ಅಪ್ಪನ ಹೃದಯದ ಕಾಳಜಿಯಿಂದ ನಮ್ಮ ಮನೆಯಲ್ಲಿ ದಿನಾ ಬಜ್ಜಿ ಆಗುತ್ತಿತ್ತು ಎಂದರೆ ಈಗ ಯಾರೂ ನಂಬುವುದಿಲ್ಲ.

ಎಲ್ಲರೂ ದಪ್ಪಗಾದೆವು. ಅಪ್ಪನ ಷರ್ಟಿನ ಗುಂಡಿಗಳು ಒಂದೊಂದಾಗಿ ಕೆಲಸ ಬಿಟ್ಟವು. ನಾನು ಚೂಡಿದಾರದ ಹೊಲಿಗೆ ಬಿಚ್ಚಿಸಿ ಬಿಚ್ಚಿಸಿ ದರ್ಜಿಯ ಮನೆಯ ಖಾಯಂ ಅತಿಥಿಯಾದೆ. ಆದರೆ ನಮ್ಮೆಲ್ಲರಿಗಿಂತ ದಪ್ಪಗಾದವಳು ಅಮ್ಮ. ಮಂಡಿ ನೋವು ಶುರುವಾಯಿತು. ಕೂತಲ್ಲಿಂದ ಏಳಲು ಮೊದಲು ಗೋಡೆ ಹಿಡಿಯಬೇಕು, ಆಮೇಲೆ ಶಿವನನ್ನು ಕರೆಯಬೇಕು. ಕರೆದರೂ ಎತ್ತಲು ಯಾರೂ ಬರುತ್ತಿರಲಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಹಾಗಿದ್ದ ಒಂದು ದೀಪಾವಳಿಗೆ ಅಮ್ಮ ಕಾಟಾ ಹತ್ತಿದಳು. ಹೊಸ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟು, ಮೊದಲ ಬಾರಿ ಹತ್ತುವವಳಂತೆ ನಾಚಿಕೊಂಡು ನಿಂತಳು. ತೂಕದ ಕಲ್ಲು ಸಾಲದೆ ಕಾಟಾದ ಕೈ ಟಕ್ ಎಂದು ಮೇಲಕ್ಕೆ ಹೊಡೆದು ಅಲ್ಲೇ ನಿಂತಿತು. ಅಪ್ಪ ಅಂಗಡಿಯ ಕಡೆ ತಿರುಗಿ, ಅಕ್ಕಿ ಮೂಟೆಗೆ ಹೇಳುವ ದನಿಯಲ್ಲೇ ಕೂಗಿದರು.

“ಏಯ್, ಇನ್ನೊಂದ್ ಕಲ್ಲು ತಾರೋ!”

ಎಲ್ಲರೂ ನಕ್ಕರು. ಪೂಜೆಗೆಂದು ಭದ್ರಾವತಿಯಿಂದ ಬಂದಿದ್ದ ಅಪ್ಪನ ತಂಗಿ, ನಮ್ಮ ಅತ್ತೆ, ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪ್ರಸಾದಕ್ಕೆ ಬಂದ ಪಕ್ಕದ ಅಂಗಡಿಯವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಯಾಕೆಂದರೆ ಅದಕ್ಕಿಂತ ಒಂದು ನಿಮಿಷ ಮೊದಲು ನನ್ನ ತೂಕವನ್ನು ಓದಿ ಹೇಳಿದ್ದರು, ಜನರ ನಗು ಅಮ್ಮನ ಕಡೆ ತಿರುಗಿದ್ದು ನನಗೆ ಅನುಕೂಲವಾಗಿತ್ತು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಅಮ್ಮ ಇಳಿದು ಒಳಗೆ ಹೋದಳು. ಮರುವರ್ಷ ಕರೆದಾಗ ಅಡುಗೆಮನೆಯಿಂದಲೇ, “ಎಣ್ಣೆ ಕಾಯೋಕೆ ಇಟ್ಟಿದೀನಿ, ನೀವು ಮುಗಿಸ್ಕೊಳ್ಳಿ” ಎಂದಳು. ಅದರ ಮುಂದಿನ ವರ್ಷವೂ ಎಣ್ಣೆ ಕಾಯುತ್ತಿತ್ತು. ಗೋಡೌನಿನ ಬಾಗಿಲಲ್ಲಿ ಅವಳ ಹೆಸರಿನ ಮುಂದೆ ಎರಡು ವರ್ಷ ಖಾಲಿ ಬಿದ್ದಿತು.

ಅಮ್ಮ ಯಾಕಿಷ್ಟು ದಪ್ಪ ಎಂಬ ವಿಷಯದಲ್ಲಿ ಬೀದಿಗೆಲ್ಲ ಅಭಿಪ್ರಾಯವಿತ್ತು. ಅವಳು ತಿನ್ನುವುದನ್ನು ಯಾರೂ ನೋಡಿರಲಿಲ್ಲ. ನಮಗೆಲ್ಲ ಬಡಿಸಿ, ಅಂಗಡಿಯ ಹಮಾಲರಿಗೆ ಇಟ್ಟು, ಬಂದವರಿಗೆ ಬಡಿಸಿ, ಅವಳು ಊಟಕ್ಕೆ ಕೂರುವಾಗ ಮಧ್ಯಾಹ್ನ ಮೂರಾಗುತ್ತಿತ್ತು. ಕೇಳಿದರೆ ಒಂದು ರೊಟ್ಟಿ, ಚಟ್ನಿಪುಡಿ ಅನ್ನುತ್ತಿದ್ದಳು. ಒಂದು ರೊಟ್ಟಿಗೆ ಇಷ್ಟು ಮೈ ಬರುತ್ತದೆಯೇ? ಅತ್ತೆ ಒಮ್ಮೆ ನನ್ನ ಕಿವಿಯಲ್ಲಿ, “ಕಾಣೋ ಹಂಗೆ ಒಂದು ರೊಟ್ಟಿ ಕಣೇ, ಕಾಣದ ಹಂಗೆ ಎಷ್ಟೋ!” ಎಂದರು. ಅಮ್ಮ ಕದ್ದು ತಿನ್ನುತ್ತಾಳೆ ಎಂಬ ಮಾತು ಹೀಗೆ ಮನೆಯೊಳಗೆ ಬಂದು ನೆಲೆಯೂರಿತು. ಯಾರೂ ಅವಳ ಮುಖಕ್ಕೆ ಹೇಳಲಿಲ್ಲ. ಡಬ್ಬಿಯಲ್ಲಿ ಚಕ್ಕುಲಿ ಕಡಿಮೆಯಾದರೆ ಮಾತ್ರ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕದಿಯುತ್ತಿದ್ದವಳು ನಾನು.

ಇಷ್ಟರಲ್ಲಿ ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಜೀವರಸಾಯನ ಎಂಎಸ್ಸಿಗೆ ಸೇರಿದೆ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಒಂದು ದಿನ ಮೇಷ್ಟ್ರು ಕೊಬ್ಬಿನ ಪಾಠ ಮಾಡಿದರು. ಎಣ್ಣೆಗಳಲ್ಲಿ ದೇಹ ತಾನೇ ಮಾಡಿಕೊಳ್ಳಲಾರದ ಎರಡು ಬಗೆಯ ಕೊಬ್ಬು ಇರುತ್ತದಂತೆ, ಒಮೆಗಾ ಆರು ಮತ್ತು ಒಮೆಗಾ ಮೂರು. ಎರಡೂ ದೇಹಕ್ಕೆ ಬೇಕು. ಸೂರ್ಯಕಾಂತಿಯಲ್ಲಿ ಆರು ಧಾರಾಳ, ಮೂರು ಇಲ್ಲವೆನ್ನುವಷ್ಟು ಕಡಿಮೆ. ಅಗಸೆಯಲ್ಲಿ ಮೂರು ತುಂಬಿದೆ. ಇವೆರಡರ ಸಮತೋಲ ತಪ್ಪಿದರೆ ಮೈಯಲ್ಲಿ ಕೊಬ್ಬು ಕೂರುವುದಕ್ಕೆ ಅದೂ ಒಂದು ಕಾರಣ ಇರಬಹುದು ಎಂದು ಹೇಳಿ, ಅವರು ಬೋರ್ಡಿನ ಮೇಲೆ ‘ಇರಬಹುದು’ ಎಂಬ ಪದದ ಕೆಳಗೆ ಎರಡು ಗೆರೆ ಎಳೆದರು.

ನನಗೆ ಮೈ ಜುಮ್ಮೆಂದಿತು. ನಮ್ಮ ಮನೆಯ ಕಥೆಯನ್ನೇ ಬೋರ್ಡಿನ ಮೇಲೆ ಬರೆದಿದ್ದಾರೆ! ಬಸ್ಸು ಹತ್ತಿದಾಗ ಆ ‘ಇರಬಹುದು’ ನನ್ನ ಜೊತೆಯಲ್ಲೇ ಇತ್ತು. ಭದ್ರಾವತಿಯಲ್ಲಿ ಅದು ಇಳಿದುಹೋಯಿತು. ಮಾಚೇನಹಳ್ಳಿಯ ವರ್ಕ್‌ಶಾಪುಗಳು ಬರುವ ಹೊತ್ತಿಗೆ ನನ್ನಲ್ಲಿ ಉಳಿದಿದ್ದದ್ದು ‘ಹೌದು, ಇದೇ ಕಾರಣ’ ಎಂಬುದೊಂದೇ.

ನನ್ನ ಬಳಿ ಸಾಕ್ಷಿಯೂ ಇತ್ತು, ಅತ್ತೆ. ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ ಅತ್ತೆ ಒಣಗಿದ ನುಗ್ಗೆಕಾಯಿಯಂತೆ ತೆಳ್ಳಗಿದ್ದರು. ಅಜ್ಜಿ ಕಲಿಸಿದ್ದ ಅಗಸೆ ಚಟ್ನಿಪುಡಿಯನ್ನು ಇನ್ನೂ ಕುಟ್ಟುತ್ತಿದ್ದದ್ದು ನಮ್ಮ ಬಳಗದಲ್ಲಿ ಅವರೊಬ್ಬರೇ. ನಮ್ಮ ಮನೆಯಲ್ಲಿ ಅದು ಹಳೇ ಕಾಲದ್ದೆಂದು ಬಿಟ್ಟು, ಶೇಂಗಾ ಚಟ್ನಿಪುಡಿಗೆ ಬಂದು ಬಹಳ ವರ್ಷವಾಗಿತ್ತು. ಮರುದಿನವೇ ಭದ್ರಾವತಿಯಲ್ಲಿ ಬಸ್ಸಿಳಿದು ನೋಟ್‌ಬುಕ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಮಧ್ಯಾಹ್ನ ಹನ್ನೆರಡೂವರೆ. ಅತ್ತೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಅಗಸೆ ಪುಡಿ ಹಾಕಿಕೊಂಡು ಒಬ್ಬರೇ ರಾಜಾರೋಷವಾಗಿ ಊಟಕ್ಕೆ ಕೂತಿದ್ದರು.

“ಬಾರೇ, ಕೈ ತೊಳ್ಕೊ, ಕೂತ್ಕೊ.”

“ಮಾವ ಊಟ ಮಾಡಿದ್ರಾ ಅತ್ತೆ?”

“ನಿಮ್ಮ ಮಾವ ಫಸ್ಟ್ ಶಿಫ್ಟು. ಎರಡು ಗಂಟೆಗೆ ಸೈರನ್ ಆದ್ಮೇಲೆ ಬರ್ತಾರೆ. ಮುಂದಿನ ವಾರ ಸೆಕೆಂಡ್ ಶಿಫ್ಟು, ಆಮೇಲೆ ನೈಟು. ಅವರಿಗೆ ಕಾಯ್ತಾ ಕೂತ್ರೆ ನಾನು ಬದುಕ್ತೀನಾ ಮಾರಾಯ್ತಿ? ಮದುವೆಯಾದ ಹೊಸದ್ರಲ್ಲಿ ಕಾದೆ. ಆಮೇಲೆ ಪಕ್ಕದ ಮನೆ ತಮಿಳು ಅಮ್ಮ ಬೈದ್ರು, ಈ ಕ್ವಾರ್ಟರ್ಸಲ್ಲಿ ಯಾರೂ ಗಂಡಂಗೆ ಕಾಯಲ್ಲಮ್ಮ, ಕಾದ್ರೆ ಅಲ್ಸರ್ ಬರತ್ತೆ ಅಂತ. ಅವತ್ತಿಂದ ಹಸಿವಾದಾಗ ಮೊದಲು ನಾನು ಉಣ್ತೀನಿ. ನಿಮ್ಮಪ್ಪಂಗೆ ಹೇಳ್ಬೇಡ ಮತ್ತೆ.”

ನಾನು ನೋಟ್‌ಬುಕ್ ತೆರೆದು ‘ಅಗಸೆ’ ಎಂದು ಬರೆದುಕೊಂಡೆ. ಅವರು ಹೇಳಿದ ಉಳಿದದ್ದೆಲ್ಲ ನನಗೆ ಬರೀ ಹರಟೆಯಾಗಿ ಕೇಳಿಸಿತು. ವಿಜ್ಞಾನ ಓದಿದರೆ ಬುದ್ಧಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಆ ನೋಟ್‌ಬುಕ್ಕನ್ನು ತೋರಿಸುತ್ತೇನೆ.

ಮನೆಗೆ ಬಂದು ಅಪ್ಪನಿಗೆ ಪಾಠ ಮಾಡಿದೆ. ಆರು ಜಾಸ್ತಿಯಾಗಿದೆ, ಮೂರು ಕಡಿಮೆಯಾಗಿದೆ, ಎರಡನ್ನೂ ಸಮ ಮಾಡಬೇಕು. ಅಪ್ಪ ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಟ್ಟು ಬಹಳ ಗಮನವಿಟ್ಟು ಕೇಳಿದರು.

“ಅಷ್ಟೇ ತಾನೆ? ಒಂದು ತಟ್ಟೆ ಇಳಿದಿದೆ. ಇನ್ನೊಂದು ತಟ್ಟೆಗೆ ಹಾಕಿದ್ರೆ ಆಯ್ತು.”

ಇಲ್ಲೊಂದು ವಿಷಯ ಹೇಳಬೇಕು. ದಿನಸಿ ಅಂಗಡಿಯವರಿಗೆ ತಕ್ಕಡಿಯೆಂದರೆ ಒಂದು ಮರ್ಯಾದೆ. ಸಾಮಾನಿನ ತಟ್ಟೆಗೆ ಒಮ್ಮೆ ಹಾಕಿದ್ದನ್ನು ಗಿರಾಕಿಯ ಕಣ್ಣೆದುರು ವಾಪಸ್ ತೆಗೆಯಬಾರದು. ಸಕ್ಕರೆ ಒಂದು ಹಿಡಿ ಜಾಸ್ತಿ ಬಿತ್ತೆಂದು ಅಪ್ಪ ಎಂದೂ ಮರಳಿ ಚೀಲಕ್ಕೆ ಸುರಿದವರಲ್ಲ. “ಹಾಕಿದ ಕೈ ಹಿಂದಕ್ಕೆ ಹೋಗಬಾರದು” ಎನ್ನುತ್ತಿದ್ದರು. ಅಂಗಡಿಯಲ್ಲಿ ಅದು ದೊಡ್ಡ ಗುಣ. ಆದರೆ ಅವರು ಅದನ್ನು ಊಟದ ತಟ್ಟೆಗೂ ತಂದರು. ಸನ್‌ಫ್ಲವರನ್ನು ಒಂದು ಚಮಚವೂ ಕಡಿಮೆ ಮಾಡಲಿಲ್ಲ. ಬದಲಿಗೆ ಒಂದು ಇಡೀ ಚೀಲ ಅಗಸೆ ತರಿಸಿದರು.

ಆಮೇಲೆ ನಮ್ಮ ಮನೆಯಲ್ಲಿ ಸಮತೋಲದ ಕಾಲ ಶುರುವಾಯಿತು. ಬೆಳಿಗ್ಗೆ ರೊಟ್ಟಿಗೆ ಅಗಸೆ ಚಟ್ನಿಪುಡಿ, ಪುಡಿಯ ನಡುವೆ ಗುಳಿ ಮಾಡಿ ಸನ್‌ಫ್ಲವರ್. ಮಧ್ಯಾಹ್ನ ಪಲ್ಯಕ್ಕೆ ಅಗಸೆ ಪುಡಿ. ಸಂಜೆ ಬಜ್ಜಿ ಇದ್ದೇ ಇತ್ತು, ಬಜ್ಜಿಯ ಆರನ್ನು ಸರಿದೂಗಿಸಲು ಅದರ ಹಿಂದೆ ಬೆಲ್ಲ ಹಾಕಿದ ಅಗಸೆ ಉಂಡೆ. ಅಣ್ಣ ನಾಲ್ಕು ಬಜ್ಜಿ ತಿಂದರೆ ಎರಡು ಉಂಡೆ ತಿನ್ನಬೇಕು ಎಂದು ನಾನೇ ಸೂತ್ರ ಕಟ್ಟಿದ್ದೆ. ಅವನು ಉಂಡೆ ರುಚಿಯಾಗಿದೆಯೆಂದು ಮೂರು ತಿಂದು, ಈಗ ತಕ್ಕಡಿ ಆ ಕಡೆ ವಾಲಿತು ಎಂದು ಮತ್ತೆರಡು ಬಜ್ಜಿ ತಿನ್ನುತ್ತಿದ್ದ. ತರ್ಕದಲ್ಲಿ ನನಗೆ ತಪ್ಪು ಕಾಣಿಸಲಿಲ್ಲ. ಈ ಎಲ್ಲವನ್ನೂ ಹುರಿದು, ಕುಟ್ಟಿ, ಉಂಡೆ ಕಟ್ಟುತ್ತಿದ್ದವಳು ಅಮ್ಮ. ಅಡುಗೆಮನೆಯ ಕೆಲಸ ಒಂದೂವರೆಯಷ್ಟಾಯಿತು, ಅವಳು ಊಟಕ್ಕೆ ಕೂರುವುದು ಇನ್ನೂ ತಡವಾಯಿತು.

ಮೂರು ತಿಂಗಳಾದ ಮೇಲೆ ಗೋಡೌನಿನಲ್ಲಿ ನಾನು, ಅಪ್ಪ, ಅಣ್ಣ ಗುಟ್ಟಾಗಿ ಕಾಟಾ ಹತ್ತಿ ನೋಡಿದೆವು. ಸಮತೋಲ ಕೆಲಸ ಮಾಡಿತ್ತು. ಮೂವರೂ ಸಮನಾಗಿ ಏರಿದ್ದೆವು.

ಮೇಷ್ಟ್ರ ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ, “ನೋಡಮ್ಮಾ, ಆರು ಮೂರು ಎಲ್ಲ ಆಮೇಲಿನ ಮಾತು. ಮೊದಲು ನಿಮ್ಮ ಮನೇಲಿ ಯಾರು ಏನು ತಿಂತಾರೆ ಅಂತ ಹದಿನೈದು ದಿನ ಬರೆದುಕೊಂಡು ಬಾ. ಎಷ್ಟು ಎಣ್ಣೆ ಖಾಲಿಯಾಯ್ತು ಅಂತಾನೂ ಬರಿ. ಅದೇ ನಿನ್ನ ಪ್ರಾಜೆಕ್ಟು” ಎಂದರು. ನಾನು ಬರೆದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಅಪ್ಪನ ಪುಟ ತುಂಬಿ ಹಿಂಬದಿಗೆ ಹೋಯಿತು. ಅಣ್ಣನ ಪುಟದಲ್ಲಿ ಬಜ್ಜಿಗೆಂದೇ ಪ್ರತ್ಯೇಕ ಗೆರೆ ಎಳೆಯಬೇಕಾಯಿತು. ಅಮ್ಮನನ್ನು ಕೇಳಿದರೆ ದಿನವೂ ಒಂದೇ ಉತ್ತರ, “ನಂದೇನು ಬರೀತೀಯ ಬಿಡೇ, ಒಂದು ರೊಟ್ಟಿ, ಚಟ್ನಿಪುಡಿ.” ಹದಿನೈದು ದಿನವೂ ಅವಳ ಪುಟದಲ್ಲಿ ಅದೇ ಸಾಲು.

ಮೇಷ್ಟ್ರು ಪುಟ ತಿರುವಿ ನೋಡಿ, ಹಿಂದಕ್ಕೆ ಬಂದು ಮತ್ತೆ ನೋಡಿದರು.

“ಖಾಲಿಯಾದ ಎಣ್ಣೆ ಇಷ್ಟು. ನೀವು ಮೂರು ಜನ ತಿಂದಿದ್ದು ಇಷ್ಟೇ. ಉಳಿದಿದ್ದು ಎಲ್ಲಿಗೆ ಹೋಯ್ತು?”

ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡೆ. ಅತ್ತೆ ಹೇಳಿದ್ದು ನಿಜ. ಅಮ್ಮ ಕದ್ದು ತಿನ್ನುತ್ತಾಳೆ, ಕರಿದು ತಿನ್ನುತ್ತಾಳೆ, ನನ್ನ ನೋಟ್‌ಬುಕ್ಕಿಗೆ ಸುಳ್ಳು ಹೇಳುತ್ತಾಳೆ. ನನಗೆ ಬಂದದ್ದು ಕನಿಕರವಲ್ಲ, ಕೋಪ. ಇವಳಿಂದ ನನ್ನ ಪ್ರಾಜೆಕ್ಟು ಹಾಳಾಯಿತಲ್ಲ ಎಂಬ ಕೋಪ. ಮರುದಿನ ಮಧ್ಯಾಹ್ನದ ಕ್ಲಾಸು ಬಿಟ್ಟು ಬೇಗ ಬಸ್ಸು ಹತ್ತಿದೆ. ಕಳ್ಳರನ್ನು ಹಿಡಿಯಲು ಹೋಗುವ ಪೊಲೀಸರ ಹುರುಪು ನನ್ನಲ್ಲಿತ್ತು. ಅಂಗಡಿಯ ಮುಂದಿನಿಂದ ಹೋಗದೆ, ಹಿತ್ತಲಿನಿಂದ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದು ಮಾಡದೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಮೂರು ದಾಟಿತ್ತು. ಅಮ್ಮ ನೆಲದ ಮೇಲೆ ಕಾಲು ಚಾಚಿ, ಬೆನ್ನನ್ನು ಗೋಡೆಗೆ ಒರಗಿಸಿ ಕೂತಿದ್ದಳು. ಮುಂದೆ ತೊಳೆಯಬೇಕಾದ ಪಾತ್ರೆಗಳು ರಾಶಿ ಬಿದ್ದಿದ್ದವು. ಪಲ್ಯದ ಬೋಗುಣಿ ಖಾಲಿ. ಸಾರಿನ ಪಾತ್ರೆಯ ತಳದಲ್ಲಿ ನಾಲ್ಕು ಸಾಸಿವೆ ಕಾಳು. ಅವಳ ತಟ್ಟೆಯಲ್ಲಿ ಬೆಳಗಿನ ರೊಟ್ಟಿಗಳ ಗಟ್ಟಿಯಾದ ಅಂಚುಗಳಿದ್ದವು, ನಾವು ಮೂವರೂ ಮೆತ್ತಗಿನ ನಡುಭಾಗವನ್ನು ತಿಂದು ಉಳಿಸಿದಂಥವು. ಪಕ್ಕದಲ್ಲಿ ಚಟ್ನಿಪುಡಿ. ಅವಳು ಹಿಂದಿನ ಸಂಜೆ ಬಜ್ಜಿ ಕರಿದ ಬಾಣಲೆಯನ್ನು ಎಳೆದುಕೊಂಡು, ತಳದಲ್ಲಿ ಉಳಿದಿದ್ದ ಕಂದು ಎಣ್ಣೆಯನ್ನು ಸೌಟಿನಲ್ಲಿ ತೆಗೆದು ಪುಡಿಯ ಮೇಲೆ ಸುರಿದುಕೊಂಡಳು. ಒಂದು ಸೌಟು. ಇನ್ನೊಂದು. ರೊಟ್ಟಿಯ ಅಂಚನ್ನು ಅದರಲ್ಲಿ ನೆನೆಸಿಟ್ಟು, ಮೆತ್ತಗಾಗುವವರೆಗೆ ಕಾದಳು.

“ಅಮ್ಮಾ, ಏನಿದು?”

ಬೆಚ್ಚಿಬಿದ್ದು ನೋಡಿದಳು. ತಟ್ಟೆಯನ್ನು ಬಚ್ಚಿಡಲು ಹೋಗಲಿಲ್ಲ. ಬಚ್ಚಿಡುವಂಥದ್ದು ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

“ಊಟ ಕಣೇ. ಇಷ್ಟು ಬೇಗ ಯಾಕೆ ಬಂದೆ, ಹುಷಾರಿಲ್ವಾ?”

“ಆ ಎಣ್ಣೆ ಯಾಕೆ ಹಾಕ್ಕೊಳ್ತೀಯ?”

“ಮತ್ತೇನು, ಚೆಲ್ಲಲಾ? ಒಂದ್ ಸಲ ಕರಿದಿದ್ದನ್ನ ನಿಮಗೆ ಮತ್ತೆ ಹಾಕ್ಬಾರ್ದು ಅಂತ ನೀನೇ ತಾನೆ ಕಾಲೇಜಿಂದ ಕಲಿತ್ಕೊಂಡು ಬಂದು ಹೇಳಿದ್ದು? ಪಲ್ಯನೂ ಉಳಿಯಲ್ಲ. ಒಣಗಿದ ರೊಟ್ಟಿ ಗಂಟಲಲ್ಲಿ ಇಳಿಬೇಕಲ್ಲ. ಎಣ್ಣೆ ಹಾಕ್ಕೊಂಡ್ರೆ ಸಂಜೆ ತನಕ ಹೊಟ್ಟೆ ತಡೆಯುತ್ತೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ಆ ದಿನ ಬೆಳಿಗ್ಗೆ ಡಬ್ಬಿಗೆ ಪಲ್ಯ ತುಂಬಿಸಿಕೊಳ್ಳುವಾಗ “ಇನ್ನೊಂಚೂರು ಹಾಕಮ್ಮ” ಎಂದು ಎರಡು ಸಲ ಹೇಳಿದ್ದು ನೆನಪಾಯಿತು. ಅವಳು ಹಾಕಿದ್ದಳು. ನಮ್ಮ ಮನೆಯ ಕಳುವಾದ ಎಣ್ಣೆ ಎಲ್ಲಿದೆಯೆಂದು ಈಗ ಗೊತ್ತಾಗಿತ್ತು, ಕಳ್ಳರು ಯಾರೆಂದೂ ಗೊತ್ತಾಗಿತ್ತು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಅಳತೊಡಗಿದೆ. ಅಮ್ಮ ಗಾಬರಿಯಾಗಿ, “ಫೇಲಾದ್ಯಾ?” ಎಂದು ಕೇಳಿದಳು.

ಅಂದು ಸಂಜೆ ನಾನು ಮನೆಯಲ್ಲಿ ದೊಡ್ಡ ಗಲಾಟೆಯನ್ನೇ ಮಾಡಿದೆ. ಮಾಡಬೇಕಿತ್ತು. ಅಪ್ಪನಿಗೆ ನಾನು ಹೇಳಿದ್ದು ಅರ್ಥವಾಗಲಿಲ್ಲ. “ಅವಳೇ ತಾನೆ ಅಡುಗೆ ಮಾಡೋದು? ತನಗೆ ಬೇಕಾದಷ್ಟು ಎತ್ತಿಟ್ಕೊಳ್ಳೋಕೆ ಏನು ಕಷ್ಟ?” ಎಂದರು. ಅಮ್ಮ, “ಹೋಗ್ಲಿ ಬಿಡ್ರೀ, ಇವಳಿಗೆ ಪರೀಕ್ಷೆ ಟೆನ್ಷನ್ನು” ಎಂದು ನನ್ನನ್ನೇ ಸುಮ್ಮನಿರಿಸಲು ನೋಡಿದಳು. ನಾನು ಬಿಡಲಿಲ್ಲ. ಭದ್ರಾವತಿಯ ಅತ್ತೆ ಮಾವನಿಗೆ ಕಾಯದೆ ಮೊದಲು ಉಣ್ಣುವ ಗುಟ್ಟನ್ನೂ ಸಾರಾಸಗಟಾಗಿ ಬಯಲು ಮಾಡಿದೆ. ಕೊನೆಗೆ ಒಂದು ಕರಾರಾಯಿತು. ಒಂದು ವಾರ ಅಪ್ಪ ಕೊನೆಗೆ ಊಟ ಮಾಡಬೇಕು, ಮುಂದಿನ ವಾರ ಅಣ್ಣ, ಆಮೇಲೆ ನಾನು. ಪ್ರಾಜೆಕ್ಟಿಗೆ ಬೇಕು, ಮಾರ್ಕ್ಸು ಇದೆ ಎಂದು ಹೇಳಿದ್ದಕ್ಕೆ ಅಪ್ಪ ಒಪ್ಪಿದರು. ಮಗಳ ಮಾರ್ಕ್ಸಿಗಾಗಿ ಅವರು ಏನನ್ನಾದರೂ ಮಾಡಬಲ್ಲವರು. ಮೇಷ್ಟ್ರಿಗೆ ಇದರ ಸುದ್ದಿಯೇ ಇರಲಿಲ್ಲ.

ಮೊದಲ ದಿನ ಅಮ್ಮನನ್ನು ಬಲವಂತವಾಗಿ ನಮ್ಮ ಜೊತೆ ಕೂರಿಸಿದೆವು. ನಾಲ್ಕು ತುತ್ತು ತಿಂದು ಎದ್ದುಬಿಟ್ಟಳು, ಬಡಿಸಲು. ಎರಡನೇ ದಿನ ಹಮಾಲರಿಬ್ಬರು ಬಂದರು, ಬಿಸಿ ರೊಟ್ಟಿಯೆಲ್ಲ ಅವರಿಗೆ ಹೋಯಿತು. ಅಪ್ಪ ಎರಡೂವರೆಗೆ ಊಟಕ್ಕೆ ಬಂದು, ಅನ್ನ ಸಾರು ಉಂಡು ಹೋದರು. ಮೂರನೇ ದಿನ ಅಣ್ಣನ ಗೆಳೆಯನೊಬ್ಬ ಊಟಕ್ಕೆ ಬಂದ. ಅಪ್ಪ ಬರುವ ಹೊತ್ತಿಗೆ ಮೂರು ಗಂಟೆ. ಹಸಿವಿನಿಂದ ಮುಖ ಬಾಡಿತ್ತು. ಅಡುಗೆಮನೆಯಲ್ಲಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮತ್ತೆ ಮುಚ್ಚಿದರು. ಎಲ್ಲ ಮುಚ್ಚಳಗಳೂ ಮುಗಿದ ಮೇಲೆ ನಿಂತಲ್ಲೇ ಕೂಗಿದರು.

“ಏನೇ ಇದು? ಪಲ್ಯ ಎಲ್ಲಿ?”

ಅಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ತಿರುಗಿ ನೋಡದೆಯೇ ಹೇಳಿದಳು.

“ಇಲ್ಲ ಕಣ್ರೀ. ಎಣ್ಣೆ ಹಾಕ್ಕೊಳ್ಳಿ, ಚೆನ್ನಾಗಿರುತ್ತೆ.”

ಅವಳು ಚುಚ್ಚಲೆಂದು ಹೇಳಿದ್ದಲ್ಲ. ತನಗೆ ಗೊತ್ತಿದ್ದ ಉಪಾಯವನ್ನು ಹೇಳಿಕೊಟ್ಟಿದ್ದಳು. ಅಪ್ಪ ಬಾಣಲೆಯನ್ನು ನೋಡಿದರು, ಅದರ ತಳದ ಎಣ್ಣೆಯನ್ನು ನೋಡಿದರು. ತಟ್ಟೆ ಹಾಕಿಕೊಂಡು ರೊಟ್ಟಿಯ ಅಂಚು ಮುರಿದು, ಪುಡಿಗೆ ಒಂದು ಸೌಟು ಸುರಿದುಕೊಂಡರು. ತಿಂದರು. ಪೂರ್ತಿ ತಿಂದರು. ನಾನು ಬಾಗಿಲಲ್ಲಿ ನಿಂತಿದ್ದೆ, ನನ್ನ ಕಡೆ ನೋಡಲಿಲ್ಲ. ಕೈ ತೊಳೆದು ಅಂಗಡಿಗೆ ಹೋಗಿ, ಸಂಜೆ ಐದಕ್ಕೆ ಅಣ್ಣ ಬಜ್ಜಿಗೆ ಕೂಗು ಹಾಕಿದಾಗ, “ಬರೀ ಮಂಡಕ್ಕಿ ತಿನ್ನೋ, ಸಾಕು” ಎಂದು ಗದರಿದರು.

ಅವತ್ತಿನಿಂದ ನಮ್ಮ ಮನೆಯವರು ಪುಣ್ಯಾತ್ಮರಾಗಿಬಿಟ್ಟರು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅಣ್ಣ ತನ್ನ ವಾರದಲ್ಲಿ ಮೊದಲೇ ಪಲ್ಯ ಎತ್ತಿಟ್ಟುಕೊಂಡು ಮೋಸ ಮಾಡಿದ. ನಾನು ನನ್ನ ವಾರದಲ್ಲಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಬಂದೆ. ಆದರೆ ಅಮ್ಮನ ತಟ್ಟೆಯನ್ನು ನಮ್ಮ ತಟ್ಟೆಗಳ ಜೊತೆಯಲ್ಲೇ ಹಾಕುವುದು ರೂಢಿಗೆ ಬಂತು, ಅವಳು ಎದ್ದರೆ ಅಪ್ಪ “ಕೂತ್ಕೊಳ್ಳೇ, ಬಡಿಸ್ಕೊಳ್ಳೋಕೆ ಇವರಿಗೆ ಕೈ ಇಲ್ವಾ?” ಎನ್ನತೊಡಗಿದರು. ಕರಿದು ಉಳಿದ ಎಣ್ಣೆ ಅಂಗಡಿಯ ಷಟರಿನ ಕೀಲಿಗೆ ಹೋಯಿತು. ಅದು ಕಿರುಗುಟ್ಟುವುದು ನಿಂತಿತು. ಆರು ಮತ್ತು ಮೂರರ ವಿಷಯ ಏನಾಯಿತೆಂದರೆ, ನನಗೆ ಇವತ್ತಿಗೂ ಖಾತ್ರಿಯಿಲ್ಲ. ಮೇಷ್ಟ್ರು ಗೆರೆ ಎಳೆದ ‘ಇರಬಹುದು’ ಭದ್ರಾವತಿಯಿಂದ ತಿರುಗಿ ಬಸ್ಸು ಹತ್ತಿ ನನ್ನ ಪಕ್ಕ ಬಂದು ಕೂತಿತು, ಈಗ ನನ್ನನ್ನು ಬಿಟ್ಟು ಇಳಿಯುವುದಿಲ್ಲ.

ಆ ವರ್ಷದ ದೀಪಾವಳಿಗೆ ಕಾಟಾಕ್ಕೆ ಮಂಗಳಾರತಿಯಾಯಿತು. ಅಪ್ಪ, ಅಣ್ಣ, ನಾನು ಹತ್ತಿ ಇಳಿದೆವು. ಭದ್ರಾವತಿಯ ಅತ್ತೆ ಎಂದಿನಂತೆ ಬಂದಿದ್ದರು, “ಅತ್ತಿಗೆ ಈ ವರ್ಷನೂ ಹತ್ತಲ್ವಾ?” ಎಂದು ಕೇಳಿದರು. ನಾನು ಸಿಟ್ಟಿನಿಂದ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅಡುಗೆಮನೆಗೆ ಹೋಗಿ ಒಲೆ ಆರಿಸಿ, ಅಮ್ಮನ ಕೈ ಹಿಡಿದು ಕರೆದುಕೊಂಡು ಬಂದರು. ಅಮ್ಮನ ಮುಖ ಕೆಂಪಾಗಿತ್ತು. ಅತ್ತ ಇತ್ತ ನೋಡಿ, ಕಾಟಾದ ಕಂಬ ಹಿಡಿದು ಮೇಲೆ ನಿಂತಳು.

ಕೈ ಟಕ್ ಎಂದು ಮೇಲಕ್ಕೆ ಹೊಡೆಯಿತು. ಅವಳ ತೂಕ ಇಳಿದಿರಲಿಲ್ಲ. ಮೂರು ವರ್ಷದ ಹಿಂದೆ ಎಷ್ಟಿತ್ತೋ ಅದಕ್ಕಿಂತ ಒಂದು ಕೂದಲೆಳೆ ಜಾಸ್ತಿಯೇ ಇತ್ತು. ಎಲ್ಲರೂ ಅಪ್ಪನ ಬಾಯನ್ನೇ ನೋಡುತ್ತಿದ್ದರು. ಅತ್ತೆಯ ಸೆರಗು ಆಗಲೇ ಬಾಯಿಯ ಹತ್ತಿರ ಬಂದಿತ್ತು. ಅಪ್ಪ ತಾವೇ ಇನ್ನೊಂದು ಕಲ್ಲು ತಂದು, ಸದ್ದಾಗದಂತೆ ಮೆಲ್ಲಗೆ ಇಟ್ಟರು. ತೂಕ ನೋಡಿ ಬಾಗಿಲಿಗೆ ಬರೆದರು. ಸೀಮೆಸುಣ್ಣ ಕೈಯಲ್ಲೇ ಹಿಡಿದುಕೊಂಡು ಈ ಕಡೆ ತಿರುಗಿದರು.

“ಇದ್ರಲ್ಲಿ ಅರ್ಧ ನಮ್ದು” ಎಂದರು, ಯಾರಿಗೆ ಎಂದಿಲ್ಲದೆ.

ಯಾರೂ ನಗಲಿಲ್ಲ. ಅಮ್ಮ ಮಾತ್ರ ಅಪ್ಪನ ಹೆಗಲಿನ ಮೇಲೆ ಕೈಯಿಟ್ಟು, ಭಾರ ಪೂರ್ತಿ ಅವರ ಮೇಲೆ ಬಿಟ್ಟು ಕೆಳಗೆ ಇಳಿದಳು.

“ಹಂಗಾದ್ರೆ ಸ್ವಲ್ಪ ಹೊತ್ಕೊಳ್ಳಿ” ಎಂದಳು. “ನನ್ನ ಮಂಡಿ ನೋಯ್ತಾ ಇದೆ.”